ಕೊಡಗಿನ ಪುಟ್ಟ ಕೆಫೆಗಳು: ಏನು ಕೇಳಬೇಕು, ಏನು ತಿನ್ನಬೇಕು, ಯಾವ ಹೊತ್ತಿಗೆ ಹೋಗಬೇಕು

ಕೊಡಗಿನಲ್ಲಿ ಕೂತು ಕುಡಿದದ್ದೆಲ್ಲ ಕೊಡಗಿನ ಕಾಫಿಯಲ್ಲ. ದೇಶದ ಕಾಫಿ ಬೆಳೆಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಒಂದೇ ಜಿಲ್ಲೆಯದು. ಆದರೂ ಬೆಟ್ಟದ ನೋಟವಿರುವ ಚಂದದ ಕೆಫೆಯಲ್ಲಿ ನಿಮ್ಮ ಕಪ್ಪಿಗೆ ಬರುವುದು ಎಲ್ಲೋ ಹುರಿದು, ಚಿಕೋರಿ ಎಂಬ ಬೇರಿನ ಪುಡಿ ಬೆರೆಸಿ, ತಿಂಗಳುಗಟ್ಟಲೆ ಪೊಟ್ಟಣದಲ್ಲಿ ಕೂತಿದ್ದ ಪುಡಿಯೂ ಆಗಿರಬಹುದು. ನೋಟ ಚೆನ್ನಾಗಿದ್ದರೆ ಗಿರಾಕಿ ಕಪ್ಪಿನೊಳಗೆ ಇಣುಕುವುದಿಲ್ಲ ಎನ್ನುವುದು ನಡೆಸುವವರಿಗೂ ಗೊತ್ತು. ಆದ್ದರಿಂದ ಇಣುಕುವ ಕೆಲಸ ನಿಮ್ಮದೇ.

ಕೆಫೆಗಳ ಹೆಸರಿನ ಪಟ್ಟಿ ಇಲ್ಲಿಲ್ಲ. ಸಣ್ಣ ಕೆಫೆಯಲ್ಲಿ ರುಚಿಯೆಲ್ಲ ಒಬ್ಬ ಅಡುಗೆಯವರ, ಕಾಫಿ ಮಾಡಿಕೊಡುವ ಒಬ್ಬ ಬರಿಸ್ಟಾನ ಕೈಯಲ್ಲಿರುತ್ತದೆ. ಅವರು ಕೆಲಸ ಬಿಟ್ಟ ಮರುದಿನವೇ ಹಳೆಯ ಹೊಗಳಿಕೆಗಳೆಲ್ಲ ಸುಳ್ಳಾಗುತ್ತವೆ. ಗುರುತು ಹಿಡಿಯುವ ಬಗೆ ತಿಳಿದಿದ್ದರೆ ಯಾವ ಬೋರ್ಡಿನ ಕೆಳಗಾದರೂ ನಡೆಯುತ್ತದೆ.

ಯಾವ ಕಡೆ, ಯಾವ ಹೊತ್ತು

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಕೊಡಗಿನಲ್ಲಿ ರೈಲಿಲ್ಲ, ಬಸ್ಸು ಅಥವಾ ಸ್ವಂತ ಗಾಡಿ. ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿಯ ಹೆದ್ದಾರಿ ಉದ್ದಕ್ಕೂ ಇರುವ ಕೆಫೆಗಳು ಪ್ರವಾಸಿಗರನ್ನು ನಂಬಿ ನಡೆಯುವಂಥವು. ಮಡಿಕೇರಿ ಪೇಟೆಯೊಳಗಿನವು ಅರ್ಧ ಊರಿನವರನ್ನು, ಅರ್ಧ ರಾಜಾಸೀಟಿಗೆ ಬಂದವರನ್ನು ನಂಬಿಕೊಂಡಿವೆ. ದಕ್ಷಿಣದಲ್ಲಿ ಗೋಣಿಕೊಪ್ಪ, ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರ, ವಿರಾಜಪೇಟೆ ಕಡೆ ಸಂದಣಿ ಕಡಿಮೆ, ತೋಟದವರೇ ನಡೆಸುವ ಸಣ್ಣ ಜಾಗಗಳು ಸಿಗುವ ಸಾಧ್ಯತೆ ಹೆಚ್ಚು. ಒಂದೇ ದಿನದಲ್ಲಿ ಎರಡೂ ಕಡೆ ಸುತ್ತುವ ಯೋಜನೆ ಹಾಕಬೇಡಿ. ನಕ್ಷೆಯಲ್ಲಿ 30 ಕಿಲೋಮೀಟರ್ ಎಂದು ಕಂಡದ್ದು ತಿರುವುಗಳಲ್ಲಿ ಸುಲಭವಾಗಿ ಒಂದು ಗಂಟೆ ನುಂಗುತ್ತದೆ. ದಿನಕ್ಕೆ ಎರಡು ಕೆಫೆ ಸಾಕು: ಒಂದರಲ್ಲಿ ಕಾಫಿ, ಇನ್ನೊಂದರಲ್ಲಿ ಊಟ.

ಶನಿವಾರ, ಭಾನುವಾರ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗೆ ಮಡಿಕೇರಿಯ ಯಾವ ಕೆಫೆಗೂ ಹೋಗದಿರುವುದು ಒಳ್ಳೆಯದು. ಆ ಹೊತ್ತಿನಲ್ಲಿ ಬರಿಸ್ಟಾ ಶಾಟ್ (ಒಂದು ಸಲಕ್ಕೆ ಇಳಿಸುವ ಎಸ್ಪ್ರೆಸೊ) ಅಳೆಯುವುದಿಲ್ಲ, ಹಾಲಿನ ಜಗ್ಗನ್ನು ಬರಿದು ಮಾಡದೆ ಮೇಲೆ ಮೇಲೆ ಕಾಯಿಸುತ್ತಾನೆ, ಅಡುಗೆಮನೆಯಲ್ಲಿ ಅಕ್ಕಿಯ ಉಂಡೆ ಕಡಂಬುಟ್ಟು ಮುಗಿದು ಅನ್ನ ಬರುತ್ತದೆ. ವಾರದ ದಿನ ಬಾಗಿಲು ತೆರೆದ ಮೊದಲ ಒಂದು ಗಂಟೆ ಅಥವಾ ಮೂರೂವರೆಯಿಂದ ಐದು ಗಂಟೆ ಒಳ್ಳೆಯ ಹೊತ್ತು. ತೆರೆಯುವ ಸಮಯವನ್ನು ಮ್ಯಾಪಿನಲ್ಲಿ ನೋಡಿ ನಂಬದೆ ಒಂದು ಫೋನ್ ಮಾಡಿ. ಶುಕ್ರವಾರ ಮಡಿಕೇರಿ ಸಂತೆ, ಭಾನುವಾರ ಗೋಣಿಕೊಪ್ಪ ಸಂತೆ. ಆ ದಿನ ಪೇಟೆಯಲ್ಲಿ ಗಾಡಿ ನಿಲ್ಲಿಸುವುದೇ ಒಂದು ಸಾಹಸ.

ಹಬ್ಬಗಳನ್ನೂ ನೋಡಿಕೊಳ್ಳಿ. ಸೆಪ್ಟೆಂಬರ್ ಮೊದಲ ವಾರದ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್, ನವೆಂಬರ್ ಕೊನೆ ಅಥವಾ ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿ, ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ದಿನಗಳಲ್ಲಿ ಮನೆಯವರೇ ನಡೆಸುವ ಕೆಫೆಗಳು ಮುಚ್ಚಿರಬಹುದು. ಸಂಕ್ರಮಣದಂದು ಕೊಡವ ಮನೆಗಳಲ್ಲಿ ಮಾಂಸ ಬೇಯಿಸುವುದಿಲ್ಲ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳ, ಅಂದರೆ ಹತ್ತು ದೇವಸ್ಥಾನಗಳ ಅಲಂಕೃತ ಮಂಟಪಗಳ ಮೆರವಣಿಗೆ. ಅಂದು ಕೆಫೆಗೆಂದು ಊರೊಳಗೆ ಕಾರು ತಂದರೆ ಬೆಳಗಿನವರೆಗೆ ಹೊರಬರಲಾರಿರಿ.

ನೋಟಕ್ಕಾಗಿಯೇ ಹೋಗುವವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಇಳಿಯಿತೆಂದರೆ ಹತ್ತಡಿ ಆಚೆ ಏನೂ ಕಾಣದು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಏಳೆಂಟು ದಿನಕ್ಕೆ ತೋಟವೆಲ್ಲ ಬಿಳಿಯಾಗಿ ಮಲ್ಲಿಗೆಯಂಥ ವಾಸನೆ ಬರುತ್ತದೆ; ಇರುವುದು ಮೂರು ನಾಲ್ಕು ದಿನ ಮಾತ್ರ. ಕಾಫಿಯಲ್ಲಿ ಎರಡು ಬಗೆ: ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಡಿಸೆಂಬರ್ ಕೊನೆಯಿಂದ ಫೆಬ್ರವರಿ ದಾಟುವವರೆಗೆ. ತೋಟದ ಕೆಫೆಯಲ್ಲಿ ಕಣದ ಮೇಲೆ ಕಾಫಿ ಒಣಗುವುದನ್ನು ನೋಡಬೇಕೆಂದರೆ ಜನವರಿ ಸರಿಯಾದ ತಿಂಗಳು. ಆಗ ಮಾಲೀಕರಿಗೆ ನಿಮ್ಮ ಜೊತೆ ಮಾತಾಡಲು ಪುರುಸೊತ್ತಿರುವುದಿಲ್ಲ ಎನ್ನುವುದೂ ನಿಜ.

ಕೌಂಟರ್ ಮುಂದೆ ಎರಡು ನಿಮಿಷ

ಕೂರುವ ಮೊದಲು ಕೌಂಟರ್ ಹತ್ತಿರ ಹೋಗಿ. ಮೊದಲು ನೋಡಬೇಕಾದದ್ದು ಗ್ರೈಂಡರ್. ಮೇಲಿನ ಬಟ್ಟಲಿನಲ್ಲಿ ಬೀಜ ಇದೆಯೇ, ಒಬ್ಬರು ಆರ್ಡರ್ ಮಾಡಿದಾಗ ಪ್ರತಿ ಸಲ ಗ್ರೈಂಡರ್ ಸದ್ದು ಕೇಳುತ್ತದೆಯೇ? ಒತ್ತಡದ ಬಿಸಿನೀರಿನಿಂದ ಗಟ್ಟಿ ಕಾಫಿ ಇಳಿಸುವ ಎಸ್ಪ್ರೆಸೊ ಯಂತ್ರವಿದ್ದೂ ಡಬ್ಬದಿಂದ ಪುಡಿ ತೆಗೆದು ಹಾಕುತ್ತಿದ್ದರೆ ಅಲ್ಲಿ ಎಸ್ಪ್ರೆಸೊ ಕೇಳಬೇಡಿ. ಪುಡಿ ಮಾಡಿದ ಕಾಫಿಯ ಪರಿಮಳ ಕೆಲವೇ ನಿಮಿಷಗಳಲ್ಲಿ ಹಾರಲು ತೊಡಗುತ್ತದೆ. ಬೀಜ ಕರಿ ಬಣ್ಣಕ್ಕೆ ತಿರುಗಿ ಎಣ್ಣೆ ಮಿಂಚುತ್ತಿದ್ದರೆ ಹೆಚ್ಚು ಹುರಿದದ್ದು ಅಥವಾ ಹಳೆಯದು. ಯಾವ ತೋಟದ ಬೀಜವಾದರೂ ಆಗ ರುಚಿ ಒಂದೇ, ಸುಟ್ಟ ರುಚಿ.

ಎರಡನೆಯದು ಹಾಲಿನ ಹಬೆಯ ಕೊಳವೆ. ಅದರ ಮೇಲೆ ಒಣಗಿದ ಹಾಲಿನ ಪದರ ಇದ್ದರೆ ಉಳಿದ ಯಂತ್ರದ ಶುಚಿಯೂ ಅಷ್ಟೇ. ಪ್ರತಿ ಕಪ್ಪಿನ ನಂತರ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಮ್ಮೆ ಹಬೆ ಬಿಡುವವರು ಕೆಲಸ ಬಲ್ಲವರು.

ಆಮೇಲೆ ಮೂರು ಪ್ರಶ್ನೆ. "ಅಣ್ಣ, ಇದು ಯಾವ ತೋಟದ ಕಾಫಿ? ಯಾವಾಗ ಹುರಿದದ್ದು? ಚಿಕೋರಿ ಇದೆಯಾ?" ಸಹಜವಾಗಿ ಕೇಳಿ, ಪರೀಕ್ಷೆ ಮಾಡುವವರ ಹಾಗೆ ಅಲ್ಲ. ಒಳ್ಳೆಯ ಕೆಫೆಯವರಿಗೆ ಈ ಪ್ರಶ್ನೆ ಎಂದರೆ ಖುಷಿ. ಊರಿನ ಹೆಸರು, ತೋಟದ ಹೆಸರು, ಹುರಿದ ವಾರ ಎಲ್ಲ ಹೇಳುತ್ತಾರೆ. "ಕೂರ್ಗ್ ಕಾಫಿ ಸಾರ್, ಪ್ಯೂರ್" ಎಂದಷ್ಟೇ ಉತ್ತರ ಬಂದರೆ ಹಾಲು ಹಾಕಿದ ಫಿಲ್ಟರ್ ಕಾಫಿ ಕುಡಿದು ಎದ್ದು ಬನ್ನಿ, ತೊಂದರೆಯಿಲ್ಲ. ಚಿಕೋರಿ ಅಪರಾಧವೇನಲ್ಲ, ಗಟ್ಟಿ ಡಿಕಾಕ್ಷನ್ ಬೇಕೆನ್ನುವವರಿಗೆ ಅದು ಬೇಕು. ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪ್ರತಿಶತ ಇರಲೇಬೇಕು, ಪೊಟ್ಟಣದ ಮೇಲೆ ಪ್ರಮಾಣ ಬರೆದಿರಲೇಬೇಕು ಎನ್ನುವುದು ನಿಯಮ. ಅಂದರೆ ಅರ್ಧದಷ್ಟು ಚಿಕೋರಿ ಇರುವ ಪುಡಿಯನ್ನೂ ಕಾನೂನು ಪ್ರಕಾರವೇ ಮಾರಬಹುದು.

ಏನು ಆರ್ಡರ್ ಮಾಡುವುದು

ಇಬ್ಬರಿದ್ದರೆ ಎರಡು ಕ್ಯಾಪುಚಿನೊ ಹೇಳುವ ಬದಲು ಒಂದು ಹಾಲಿಲ್ಲದ್ದು, ಒಂದು ಹಾಲಿನದು ಹೇಳಿ ಹಂಚಿಕೊಳ್ಳಿ. ಹಾಲಿಲ್ಲದ್ದನ್ನು ಮೊದಲು ಕುಡಿಯಿರಿ, ಹಾಲು ನಾಲಿಗೆಗೆ ಹತ್ತಿದ ಮೇಲೆ ಕಾಫಿಯ ಹುಳಿ, ಸಿಹಿ ತಿಳಿಯುವುದಿಲ್ಲ.

ಎಸ್ಪ್ರೆಸೊ: 18 ಗ್ರಾಂ ಪುಡಿಗೆ ಸುಮಾರು 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್. ಇದು ಎಲ್ಲ ಕಡೆ ಬಳಕೆಯಲ್ಲಿರುವ ಡಬಲ್ ಶಾಟ್‌ನ ಲೆಕ್ಕ. ನಿಂತು ನೋಡಿದರೆ ನೀವೇ ಎಣಿಸಬಹುದು. 15 ಸೆಕೆಂಡಿಗೆಲ್ಲ ನೀರಿನಂತೆ ಸುರಿದರೆ ಪುಡಿ ದಪ್ಪಗಿದೆ, ತೆಳ್ಳಗೆ, ಹುಳಿಯಾಗಿ ಬರುತ್ತದೆ. ತೊಟ್ಟು ತೊಟ್ಟಾಗಿ 40 ಸೆಕೆಂಡ್ ದಾಟಿದರೆ ಪುಡಿ ತೀರ ನುಣ್ಣಗಿದೆ, ಕಹಿ. ಮಳೆಗಾಲದ ತೇವಕ್ಕೆ ಬೆಳಗಿನ ಗ್ರೈಂಡರ್ ಅಳತೆ ಮಧ್ಯಾಹ್ನಕ್ಕೆ ಸರಿಹೋಗುವುದಿಲ್ಲ. ದಿನಕ್ಕೆ ಎರಡು ಮೂರು ಸಲ ತಿರುಗಿಸಿ ಸರಿಮಾಡುವ ಬರಿಸ್ಟಾ ಸಿಕ್ಕರೆ ಆ ಕೆಫೆಯನ್ನು ನೆನಪಿಟ್ಟುಕೊಳ್ಳಿ.

ಪೋರ್ ಓವರ್, ಅಂದರೆ ಫಿಲ್ಟರಿನಲ್ಲಿರುವ ಪುಡಿಯ ಮೇಲೆ ಬಿಸಿನೀರು ಸುರಿದು ಇಳಿಸುವುದು: ತೋಟದ ಕಾಫಿಯ ಗುಣ ತಿಳಿಯಲು ಇದೇ ನೇರ ದಾರಿ. 15 ಗ್ರಾಂ ಪುಡಿಗೆ 240ರಿಂದ 250 ಮಿಲಿಲೀಟರ್ ನೀರು, ಇಳಿಯಲು ಎರಡೂವರೆಯಿಂದ ಮೂರೂವರೆ ನಿಮಿಷ. ಅವಸರದಲ್ಲಿರುವವರು ಕೇಳಬೇಡಿ, ಕೆಫೆ ತುಂಬಿರುವಾಗಲೂ ಕೇಳಬೇಡಿ. ಬಂದ ತಕ್ಷಣ ಕುಡಿಯದೆ ಐದು ನಿಮಿಷ ಆರಲು ಬಿಡಿ. ಬಿಸಿ ಇಳಿದಾಗಲೇ ರುಚಿ ಬಿಚ್ಚಿಕೊಳ್ಳುತ್ತದೆ. ಆರಿದ ಮೇಲೆ ಕೆಟ್ಟದಾದರೆ ಕಾಫಿಯೇ ಕೆಟ್ಟದ್ದು.

ಕ್ಯಾಪುಚಿನೊ: ಹಾಲು 60ರಿಂದ 65 ಡಿಗ್ರಿ ಇರಬೇಕು. "ತುಂಬಾ ಬಿಸಿ ಕೊಡಿ" ಎನ್ನುವುದು ನಮ್ಮವರ ರೂಢಿ. ಆದರೆ 70 ದಾಟಿದರೆ ನೊರೆ ಒಡೆದು ದೊಡ್ಡ ದೊಡ್ಡ ಗುಳ್ಳೆಯಾಗುತ್ತದೆ, ಹಾಲಿನ ಸಿಹಿ ಹೋಗಿ ಕಾಯಿಸಿದ ವಾಸನೆ ಹೊಡೆಯುತ್ತದೆ. ಸುಡುವ ಕಾಫಿಯೇ ಬೇಕೆಂದರೆ ಫಿಲ್ಟರ್ ಕಾಫಿ ತಗೊಳ್ಳಿ. ಅದನ್ನು ಕೇಳುವಾಗ ಡಿಕಾಕ್ಷನ್ ಯಾವಾಗ ಇಳಿಸಿದ್ದೆಂದು ವಿಚಾರಿಸಿ. ಬೆಳಿಗ್ಗೆ ಇಳಿಸಿದ್ದನ್ನು ಸಂಜೆ ಮತ್ತೆ ಕಾಯಿಸಿ ಕೊಟ್ಟರೆ ಒಂದು ಬಗೆಯ ಒಗರು ಬರುತ್ತದೆ, ಸಕ್ಕರೆ ಎಷ್ಟು ಹಾಕಿದರೂ ಮುಚ್ಚುವುದಿಲ್ಲ.

ಬೆಲ್ಲ ಕಾಫಿ: ಕೊಡಗಿನ ಮನೆಗಳ ಕಾಫಿ ಇದು. ಎಸ್ಪ್ರೆಸೊ ಯಂತ್ರ ಇಟ್ಟುಕೊಂಡ ಕೆಫೆಗಳಲ್ಲಿ ಇದು ಮೆನುವಿನಲ್ಲಿ ಇರಲಿಕ್ಕಿಲ್ಲ. ಆದರೂ ಕೇಳಿ, ಒಳಗಿನ ಅಕ್ಕ ತನಗಾಗಿ ಮಾಡಿಕೊಂಡಿರಬಹುದು. ಒಂದು ಲೋಟ ನೀರಿಗೆ ನಿಂಬೆಗಾತ್ರಕ್ಕಿಂತ ಕಡಿಮೆ ಬೆಲ್ಲ ಹಾಕಿ ಕುದಿಸಿ, ಎರಡು ಚಮಚ ಪುಡಿ ಹಾಕಿ ಒಲೆಯಿಂದ ಇಳಿಸಿ, ಮುಚ್ಚಿಟ್ಟು, ಗಷ್ಟು ಕೆಳಗೆ ಕೂತ ಮೇಲೆ ಸೋಸುವುದು. ಪುಡಿ ಹಾಕಿದ ಮೇಲೂ ಕುದಿಸುತ್ತಲೇ ಇದ್ದರೆ ಕಹಿಯಾಗುತ್ತದೆ. ಇದಕ್ಕೆ ಹಾಲು ಹಾಕಿಸಿಕೊಳ್ಳಬೇಡಿ, ಬೆಲ್ಲದಿಂದ ಬಿಸಿ ಹಾಲು ಒಡೆಯುವ ಸಂಭವ ಉಂಟು.

ಮೆನುವಿನಲ್ಲಿ "100% ಅರೇಬಿಕಾ" ಎಂದು ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ. ಕೊಡಗಿನಲ್ಲಿ ಹೆಚ್ಚು ಬೆಳೆಯುವುದು ರೋಬಸ್ಟಾ. ಎತ್ತರದ ಮಡಿಕೇರಿ, ಸೋಮವಾರಪೇಟೆ ಕಡೆಯ ತೋಟಗಳಲ್ಲಿ ಅರೇಬಿಕಾ ಚೆನ್ನಾಗಿ ಬರುತ್ತದೆ. ಸಾವಿರ ಮೀಟರಿಗಿಂತ ಕೆಳಗಿನ ದಕ್ಷಿಣ ಕೊಡಗು ರೋಬಸ್ಟಾದ ಸೀಮೆ. ಹಣ್ಣನ್ನೇ ಆರಿಸಿ ಕೊಯ್ದು, ಸಿಪ್ಪೆ ಸುಲಿದು (ಪಲ್ಪ್ ಮಾಡಿ), ತೊಳೆದು ಒಣಗಿಸಿದ ರೋಬಸ್ಟಾ ಹಾಲಿನ ಕಾಫಿಗೆ ಅರೇಬಿಕಾಗಿಂತ ಚೆನ್ನಾಗಿ ಒದಗುತ್ತದೆ ಎನ್ನುವುದು ನಮ್ಮ ಖಚಿತ ಅಭಿಪ್ರಾಯ: ಮೈಕಟ್ಟು ದಪ್ಪ, ಹಾಲಿನ ನಡುವೆಯೂ ಕಾಫಿ ಎಂದು ಗೊತ್ತಾಗುತ್ತದೆ. ಸಿದ್ದಾಪುರದಲ್ಲಿ ಕೂತು ರೋಬಸ್ಟಾ ಬೇಡವೆನ್ನುವುದು ದಂಡ. ಒಂದು ಎಚ್ಚರ ಮಾತ್ರ ಬೇಕು. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಇಮ್ಮಡಿ. ಸಂಜೆ ಐದರ ಮೇಲೆ ಎರಡು ಕಪ್ ಕುಡಿದು ರಾತ್ರಿ ಜೀರುಂಡೆ ಸದ್ದು ಕೇಳುತ್ತಾ ಮಲಗಿರಬೇಕಾದೀತು.

ಇನ್ನು ಕೆಲವು ಪದಗಳು. ವಾಶ್ಡ್ ಎಂದರೆ ಸಿಪ್ಪೆ, ಲೋಳೆ ತೆಗೆದು ಒಣಗಿಸಿದ್ದು, ರುಚಿ ಸ್ವಚ್ಛ. ನ್ಯಾಚುರಲ್ ಎಂದರೆ ಹಣ್ಣು ಸಮೇತ ಒಣಗಿಸಿದ್ದು, ಹಣ್ಣಿನ ವಾಸನೆ ಹೆಚ್ಚು, ಕೆಟ್ಟರೆ ಹುಳಿತ ಗಬ್ಬು. ಹನಿ ಎಂದು ಬರೆದಿದ್ದರೆ ಅದರಲ್ಲಿ ಜೇನಿಲ್ಲ, ಲೋಳೆ ಉಳಿಸಿ ಒಣಗಿಸಿದ್ದು ಅಷ್ಟೆ. ಎಎ, ಪೀಬೆರಿ ಎನ್ನುವುದು ಬೀಜದ ಗಾತ್ರ, ಆಕಾರದ ವಿಂಗಡಣೆ, ರುಚಿಯ ಅಂಕವಲ್ಲ. ಎಸ್ 795, ಚಂದ್ರಗಿರಿ, ಕಾವೇರಿ ಇವು ಅರೇಬಿಕಾ ತಳಿಗಳು. ಸಿ ಇಂಟು ಆರ್ ಎಂದು ಕೇಳಿಬಂದರೆ ಅದು ರೋಬಸ್ಟಾ ಬೆರಕೆ ತಳಿ. ಕೂರ್ಗ್ ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಆ ಗುರುತು ಊರನ್ನು ಹೇಳುತ್ತದೆ, ಹುರಿದ ದಿನವನ್ನು ಹೇಳುವುದಿಲ್ಲ.

ತಟ್ಟೆಗೆ

ಸಣ್ಣ ಕೆಫೆಯಲ್ಲಿ ಮೆನು ಉದ್ದವಾದಷ್ಟೂ ಫ್ರೀಜರ್ ದೊಡ್ಡದು. ಪಾಸ್ತಾ, ಬರ್ಗರ್, ಮೊಮೊ, ಪಂದಿ ಕರಿ (ಹಂದಿ ಮಾಂಸದ ಅಡುಗೆ), ಬಿರಿಯಾನಿ ಎಲ್ಲ ಒಂದೇ ಹಾಳೆಯಲ್ಲಿದ್ದರೆ ಅಂದು ಅಲ್ಲೇ ಬೇಯಿಸಿದ್ದು ಯಾವುದೆಂದು ನೇರವಾಗಿ ಕೇಳಿ ಅದನ್ನೇ ತಿನ್ನಿ. ಮೊಮೊ, ಥುಕ್ಪಾ ಆಸೆಯಿದ್ದರೆ ಕುಶಾಲನಗರದ ಪಕ್ಕದಲ್ಲೇ, ಮೈಸೂರು ಜಿಲ್ಲೆಗೆ ಸೇರಿದ ಬೈಲಕುಪ್ಪೆಯ ಟಿಬೆಟನ್ ಅಡುಗೆಮನೆಗಳಿವೆ. ಬರುವಾಗಲೋ ಹೋಗುವಾಗಲೋ ಅಲ್ಲಿ ತಿನ್ನಿ, ಮಡಿಕೇರಿಯಲ್ಲಿ ಬೇಡ.

ಪಂದಿ ಕರಿ ಕಪ್ಪು ಕಂದು ಬಣ್ಣದ್ದಾಗಿರಬೇಕು. ಆ ಬಣ್ಣ ಬರುವುದು ಚೆನ್ನಾಗಿ ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಮಸಾಲೆಯಿಂದ ಮತ್ತು ಕಾಚಂಪುಳಿ ಎಂಬ ಕೊಡಗಿನ ಗಟ್ಟಿ ಕಪ್ಪು ಹುಳಿರಸದಿಂದ. ಕೆಂಪಗಿದ್ದು ಮೇಲೆ ಟೊಮೆಟೊ ತೇಲುತ್ತಿದ್ದರೆ ಅದು ಬೇರೇನೋ ಪೋರ್ಕ್ ಮಸಾಲೆ. ತುಂಡಿನಲ್ಲಿ ಚರ್ಮ, ಕೊಬ್ಬು, ಮಾಂಸ ಮೂರೂ ಇರಬೇಕು. ಬರೀ ಕೆಂಪು ಮಾಂಸ ಕೇಳಿದರೆ ನಾರು ನಾರಾಗಿ ಬರುತ್ತದೆ. ಹುಳಿ ಕೊನೆಗೆ ನಾಲಿಗೆಗೆ ತಾಗಬೇಕು. ಕಾಚಂಪುಳಿ ಬದಲು ನಿಂಬೆ ಅಥವಾ ವಿನೆಗರ್ ಹಾಕಿದ್ದರೆ ಹುಳಿ ಮೊದಲೇ ಚುರ್ ಎನ್ನುತ್ತದೆ. ನಿನ್ನೆಯ ಪಂದಿ ಕರಿ ಎಂದರೆ ಮೂಗು ಮುರಿಯಬೇಡಿ, ಒಂದು ರಾತ್ರಿ ಕಳೆದರೆ ಅದು ಇನ್ನೂ ಚೆನ್ನ.

ಜೊತೆಗೆ ಕಡಂಬುಟ್ಟು. ಅಕ್ಕಿ ತರಿಯ ಈ ಉಂಡೆ ಹಬೆಯಿಂದ ನೇರವಾಗಿ ತಟ್ಟೆಗೆ ಬರಬೇಕು. ಆರಿದರೆ ಗಟ್ಟಿಯಾಗುತ್ತದೆ, ಮೈಕ್ರೋವೇವಿನಲ್ಲಿಟ್ಟರೆ ರಬ್ಬರಾಗುತ್ತದೆ. ಆದ್ದರಿಂದ "ಕಡಂಬುಟ್ಟು ಬಿಸಿ ಇದೆಯಾ, ಇಲ್ಲಾಂದ್ರೆ ಅಕ್ಕಿ ಒಟ್ಟಿ ಕೊಡಿ" ಎಂದು ಮೊದಲೇ ಹೇಳಿ. ಅಕ್ಕಿ ರೊಟ್ಟಿಯಾದ ಒಟ್ಟಿಯನ್ನು ಆಗಷ್ಟೇ ಸುಡಲೇಬೇಕು, ಹಾಗಾಗಿ ಮೋಸ ಕಡಿಮೆ. ನೂಪುಟ್ಟಿಗೆ, ಅಂದರೆ ಅಕ್ಕಿ ಶಾವಿಗೆಗೆ, ಕೋಳಿ ಕರಿ ಒಳ್ಳೆಯ ಜೋಡಿ. ಅಕ್ಕಿ ತರಿಗೆ ಹಾಲು, ಕಾಯಿತುರಿ ಬೆರೆಸಿ ಹಬೆಯಲ್ಲಿ ಬೇಯಿಸುವ ಪಾಪುಟ್ಟು ಬೆಳಗಿನ ತಿಂಡಿ, ಮಧ್ಯಾಹ್ನ ಕೇಳಿದರೆ ಉಳಿದದ್ದೇ ಸಿಗುವುದು.

ಸಸ್ಯಾಹಾರಿಗಳಿಗೆ ಕೊಡಗಿನಲ್ಲಿ ಏನೂ ಸಿಗುವುದಿಲ್ಲ ಎನ್ನುವುದು ಸುಳ್ಳು, ಮಳೆಗಾಲದಲ್ಲಂತೂ. ಬೈಂಬಳೆ ಎಂದರೆ ಎಳೆ ಬಿದಿರು. ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ ಕಹಿ ತೆಗೆದೇ ಅಡುಗೆಗೆ ಬಳಸಬೇಕು. ಕುಮ್ಮ್ ಕರಿ ಅಣಬೆಯದು. ಎರಡೂ ಒಟ್ಟಿಯ ಜೊತೆ ಸೊಗಸು. ಆಗಸ್ಟ್ ಮೊದಲ ವಾರದ ಕಕ್ಕಡ ಪದಿನೆಟ್ಟ್ (ಕಕ್ಕಡ ತಿಂಗಳ ಹದಿನೆಂಟನೆಯ ದಿನ) ಹೊತ್ತಿಗೆ ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ಸಿಕ್ಕರೆ ಬಿಡಬೇಡಿ. ಮರುದಿನ ಮೂತ್ರ ಕೆಂಪಗಾದರೆ ಗಾಬರಿಯಾಗುವುದೂ ಬೇಡ, ಆ ಸೊಪ್ಪಿನ ಗುಣವೇ ಅದು. ಪಂದಿ ಬೇಯಿಸುವ ಅಡುಗೆಮನೆಯಲ್ಲಿ ಬೇರೆ ಪಾತ್ರೆ, ಬೇರೆ ಎಣ್ಣೆ ಬಳಸುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ. ಹಂದಿ ಮಾಂಸವೇ ಇರದ ಕೆಫೆಗಳೂ ಪ್ರತಿ ಪೇಟೆಯಲ್ಲಿವೆ.

ಹಣ್ಣಿನ ಪಾನೀಯಗಳಲ್ಲಿ ಕಾಲ ನೋಡಿ ಹೇಳಿ. ಕಿತ್ತಳೆ ಚಳಿಗಾಲಕ್ಕೆ, ಬೆಣ್ಣೆಹಣ್ಣು ಮಳೆಗಾಲಕ್ಕೆ. ಕಾಲ ಮೀರಿದ ಮೇಲೆ "ಕೂರ್ಗ್ ಕಿತ್ತಳೆ ರಸ" ಎಂದರೆ ಅದು ಬಾಟಲಿಯದು ಎಂದೇ ತಿಳಿಯಿರಿ.

ಕರೆಂಟು, ನೆಟ್‌ವರ್ಕ್, ರಸ್ತೆ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಮರ ಬಿದ್ದು ತಂತಿ ತುಂಡಾದರೆ ಗಂಟೆಗಟ್ಟಲೆ ಕರೆಂಟಿಲ್ಲ. ಸಣ್ಣ ಕೆಫೆಯ ಯುಪಿಎಸ್ ದೀಪ, ಬಿಲ್ಲಿಂಗ್ ಯಂತ್ರ ಎಳೆಯುತ್ತದೆ. ಎಸ್ಪ್ರೆಸೊ ಯಂತ್ರದ ಹೀಟರ್ ಎಳೆಯುವುದಿಲ್ಲ. ಕರೆಂಟು ಬಂದ ಮರುಕ್ಷಣವೂ ಕೇಳಬೇಡಿ, ಯಂತ್ರ ಸರಿಯಾಗಿ ಕಾಯಲು ಇಪ್ಪತ್ತು ನಿಮಿಷವಾದರೂ ಬೇಕು. ಅಂಥ ದಿನ ಗ್ಯಾಸ್ ಒಲೆಯ ಮೇಲೆ ಆಗುವ ಫಿಲ್ಟರ್ ಕಾಫಿ, ಬೆಲ್ಲ ಕಾಫಿ, ಇಲ್ಲವೇ ಮೋಕಾ ಪಾಟ್ ಎಂಬ ಒಲೆಯ ಮೇಲಿಡುವ ಪಾತ್ರೆಯ ಕಾಫಿ ಕೇಳಿ. ಹಿಂದಿನ ರಾತ್ರಿ ನೆನೆಸಿಟ್ಟ ಕೋಲ್ಡ್ ಬ್ರೂ ಕೂಡ ಸಿಗಬಹುದು. ಜುಲೈ ಚಳಿಯಲ್ಲಿ ಅದನ್ನು ಕುಡಿಯುವ ಧೈರ್ಯ ನಿಮಗೆ ಬಿಟ್ಟದ್ದು.

ಕರೆಂಟು ಹೋದರೆ ಟವರ್ ಕೂಡ ಹೋಗುತ್ತದೆ, ಯುಪಿಐ ತಿರುಗುತ್ತಲೇ ಇರುತ್ತದೆ. ತಲೆಗೆ ಐನೂರು ರೂಪಾಯಿಯಾದರೂ ನಗದು ಇಟ್ಟುಕೊಳ್ಳಿ, ನೂರರ ನೋಟುಗಳಲ್ಲಿ. ಮ್ಯಾಪನ್ನು ಹೊರಡುವ ಮೊದಲೇ ಆಫ್‌ಲೈನ್ ಇಳಿಸಿಕೊಳ್ಳಿ. ಬಿಲ್ಲಿನಲ್ಲಿ ಕಾಂಪೊಸಿಷನ್ ತೆರಿಗೆದಾರ ಎಂದು ಬರೆದಿದ್ದರೆ ಅವರು ನಿಮ್ಮಿಂದ ಜಿಎಸ್‌ಟಿ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಸರ್ವಿಸ್ ಚಾರ್ಜ್ ಕೂಡ ಕಡ್ಡಾಯವಲ್ಲ.

ಘಾಟಿ ರಸ್ತೆ ಹಿಡಿಯುವ ಮೊದಲು ಖಾಲಿ ಹೊಟ್ಟೆಗೆ ಗಟ್ಟಿ ಕಾಫಿ, ಇಲ್ಲವೇ ಹೊಟ್ಟೆ ತುಂಬ ಪಂದಿ ಕರಿ, ಎರಡೂ ಬೇಡ. ತಿರುವುಗಳಲ್ಲಿ ವಾಂತಿ ಖಾತ್ರಿ. ಸಿದ್ದಾಪುರ, ಪಾಲಿಬೆಟ್ಟ ಕಡೆಯ ತೋಟದ ರಸ್ತೆಗಳಿಗೆ ಕತ್ತಲಾಗುತ್ತಿದ್ದಂತೆ ಆನೆ ಇಳಿಯುತ್ತದೆ. ಐದೂವರೆಗೆ ಕೆಫೆ ಬಿಟ್ಟು ಹೊರಡಿ. ಆನೆ ಎದುರಾದರೆ ಹಾರ್ನ್ ಮಾಡದೆ, ಫೋಟೊಗೆ ಇಳಿಯದೆ, ದೂರದಲ್ಲೇ ನಿಂತು ಅದು ದಾಟುವವರೆಗೆ ಕಾಯಿರಿ.

ತೋಟದೊಳಗಿನ ಕೆಫೆಗಾದರೆ ಮಳೆಗಾಲದಲ್ಲಿ ಜಿಗಣೆಗೆ ಸಿದ್ಧರಾಗಿ: ಉದ್ದ ಕಾಲುಚೀಲ, ಒಂದು ಚಿಟಿಕೆ ಉಪ್ಪು. ಕಣದ ಮೇಲೆ ಚಪ್ಪಲಿ ಹಾಕಿ ನಡೆಯಬೇಡಿ, ಅಲ್ಲಿ ಒಣಗುತ್ತಿರುವುದು ಅವರ ವರ್ಷದ ಆದಾಯ. ಹಣ್ಣು ಕೀಳುವುದು, ಕೇಳದೆ ತೋಟದೊಳಗೆ ನುಗ್ಗುವುದು, ಬೇಲಿ ಮುಟ್ಟುವುದು ಯಾವುದೂ ಸಲ್ಲದು. ಆನೆಗೆಂದು ಹಾಕಿದ ಸೋಲಾರ್ ಬೇಲಿ ಮನುಷ್ಯರಿಗೂ ಚೆನ್ನಾಗಿಯೇ ಹೊಡೆಯುತ್ತದೆ.

ಬೀಜ ಕೊಂಡು ಬರುವುದಾದರೆ

ಕಾಫಿ ಹಿಡಿಸಿದರೆ ಅದೇ ಬೀಜ ಮಾರುತ್ತಾರೆಯೇ ಕೇಳಿ. ಪೊಟ್ಟಣದ ಮೇಲೆ ಹುರಿದ ದಿನಾಂಕ ಇರಬೇಕು. "ಬೆಸ್ಟ್ ಬಿಫೋರ್" ಮಾತ್ರ ಇದ್ದರೆ ಸಾಲದು. ಹುರಿದು ಐದಾರು ದಿನ ಆಗಿದ್ದು, ಒಂದು ತಿಂಗಳು ಮೀರದಿದ್ದರೆ ಕೊಳ್ಳಿ. ನಿನ್ನೆ ಹುರಿದದ್ದಾದರೆ ಮನೆಯಲ್ಲಿ ವಾರ ಇಟ್ಟು ಬಳಸಿ, ಒಳಗಿನ ಗ್ಯಾಸ್ ಹೊರಹೋಗದೆ ಎಸ್ಪ್ರೆಸೊ ಸರಿಯಾಗಿ ಇಳಿಯುವುದಿಲ್ಲ. 15 ಗ್ರಾಂ ಲೆಕ್ಕದಲ್ಲಿ 250 ಗ್ರಾಂಗೆ ಹದಿನಾರು ಕಪ್. ಇಬ್ಬರಿರುವ ಮನೆಗೆ ಅದು ಒಂದು ವಾರದ ಮಾತು. ಅರ್ಧ ಕಿಲೋಗಿಂತ ಹೆಚ್ಚು ತರಬೇಡಿ.

ಮನೆಯಲ್ಲಿ ಗ್ರೈಂಡರ್ ಇಲ್ಲದಿದ್ದರೆ ಅಲ್ಲೇ ಪುಡಿ ಮಾಡಿಸಿ, ಆದರೆ ಯಾವ ಸಾಧನಕ್ಕೆಂದು ಹೇಳಿ. ನಮ್ಮ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿಗೆ ಪೋರ್ ಓವರ್‌ಗಿಂತ ನುಣ್ಣಗೆ, ಎಸ್ಪ್ರೆಸೊಗಿಂತ ತುಸು ದಪ್ಪಗೆ. ತೀರ ನುಣ್ಣಗಾದರೆ ನೀರು ಇಳಿಯದೆ ಮೇಲೆಯೇ ನಿಲ್ಲುತ್ತದೆ, ದಪ್ಪಗಾದರೆ ಐದೇ ನಿಮಿಷಕ್ಕೆ ಸುರಿದು ತೆಳ್ಳಗಿನ ಡಿಕಾಕ್ಷನ್ ಆಗುತ್ತದೆ. ಚಿಕೋರಿ ಇಲ್ಲದ ಪುಡಿ ಸ್ವಲ್ಪ ಬೇಗ ಇಳಿಯುತ್ತದೆ. 20 ಗ್ರಾಂ ಪುಡಿಗೆ 100ರಿಂದ 120 ಮಿಲಿಲೀಟರ್ ಕುದಿನೀರು ಹಾಕಿ, ಹದಿನೈದು ಇಪ್ಪತ್ತು ನಿಮಿಷ ಬಿಡಿ. ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿ ಒಲೆಯಿಂದ ದೂರ, ಕತ್ತಲಲ್ಲಿ ಇಡಿ. ಫ್ರಿಜ್ಜಿನಲ್ಲಿಟ್ಟರೆ ಪ್ರತಿ ಸಲ ತೆಗೆದಾಗಲೂ ತೇವ ಹಿಡಿದು, ಪಕ್ಕದ ಬೆಳ್ಳುಳ್ಳಿ ಚಟ್ನಿಯ ವಾಸನೆಯೂ ಸೇರಿಕೊಳ್ಳುತ್ತದೆ.